ಅಪ್ಪನ ಫೋನಿನಲ್ಲಿ ಎರಡೂವರೆ ಕಾಲಂ

"ನಾಲ್ಕು ಮುಕ್ಕಾಲಾಯ್ತು. ನಮ್ಮ ಮಗು ಇನ್ನೂ ಅಂಗಡಿಗೆ ಬಂದಿಲ್ಲ. ವ್ಯಾನ್ ಏನಾದ್ರೂ ಕೆಟ್ಟು ನಿಂತಿದ್ಯಾ?"

ಹೊಲಿಗೆ ಅಂಗಡಿಯ ಅಜ್ಜಿಯ ದನಿ ಅಮ್ಮನ ಫೋನಿನಿಂದ ಕೋಣೆಗೆಲ್ಲ ಕೇಳಿಸಿತು. ಅಮ್ಮ ಕಂಪ್ಯೂಟರಿನಲ್ಲಿ ಯಾರದೋ ಮನೆಯ ಪ್ಲಾನ್ ಬಿಡಿಸುತ್ತಿದ್ದಳು. ಅರ್ಧ ಎಳೆದ ಗೋಡೆ ಅಲ್ಲಿಗೇ ನಿಂತಿತು.

"ನೋಡ್ತೀನಿ ಅಜ್ಜಿ, ಗಾಬರಿ ಆಗ್ಬೇಡಿ."

ಗಡಿಬಿಡಿ ಹೋಮ್‌ವರ್ಕ್ ಬಿಟ್ಟು ಎದ್ದಳು. ಅವಳಿಗೆ ಆ ಹೆಸರಿಟ್ಟವನು ಅಪ್ಪ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮಗಳಿಗೆ ಬೇರೆ ಹೆಸರು ಒಪ್ಪುವುದಿಲ್ಲ ಅನ್ನುತ್ತಿದ್ದ. ಅಪ್ಪ ಸ್ಕೂಲ್ ವ್ಯಾನ್ ಓಡಿಸುತ್ತಿದ್ದ. ವ್ಯಾನಿನ ಹನ್ನೊಂದು ಮಕ್ಕಳಿಗೂ ಇಂಥದೇ ಒಂದೊಂದು ಹೆಸರು ಇಟ್ಟಿದ್ದ. ಈಗ ಬಾರದೇ ಇರುವವಳು ಒಂದನೇ ಕ್ಲಾಸಿನ 'ಕಿಟಕಿ'. ಕಿಟಕಿ ಪಕ್ಕದ ಸೀಟು ಸಿಗದಿದ್ದರೆ ಅವಳು ವ್ಯಾನನ್ನೇ ಹತ್ತುತ್ತಿರಲಿಲ್ಲ.

ಅಮ್ಮ ಅಪ್ಪನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಚಕ್ರ ತಿರುಗುವಾಗ ಅಪ್ಪ ಫೋನ್ ಮುಟ್ಟುವವನಲ್ಲ.

"ಅಮ್ಮಾ, ಶೀಟಲ್ಲಿ ಹಾಕಿದ್ಯಾ?"

"ಮಧ್ಯಾಹ್ನ ಕಿಟಕಿಯ ಅಮ್ಮ ಹೇಳಿದ ತಕ್ಷಣ ಹಾಕ್ದೆ. ನೀನೇ ತಾನೆ ಹೇಳಿದ್ದು, ಅಪ್ಪನಿಗೆ ಫೋನ್ ಮಾಡ್ಬೇಡ, ಶೀಟಲ್ಲಿ ಹಾಕು, ಅಲ್ಲೇ ಕಾಣುತ್ತೆ ಅಂತ."

ಗಡಿಬಿಡಿ ಅಮ್ಮನ ಕಂಪ್ಯೂಟರಿನಲ್ಲಿ ಶೀಟ್ ತೆರೆದಳು. ಅಪ್ಪನ ಫೋನಿನಲ್ಲೂ ತೆರೆಯುವ, ವ್ಯಾನಿನ ಮಕ್ಕಳ ಪಟ್ಟಿ ಅದು. ಅಮ್ಮನ ಪರದೆ ಎಷ್ಟು ಅಗಲವೆಂದರೆ ಅದರ ಮುಂದೆ ಊಟದ ತಟ್ಟೆಗಳನ್ನು ಸಾಲಾಗಿ ಇಟ್ಟರೆ ಮೂವರು ಕೂತು ಉಣ್ಣಬಹುದು. ಆ ಉದ್ದಕ್ಕೂ ಅವಳು ಮಾಡಿದ ಪಟ್ಟಿ ಬಣ್ಣಬಣ್ಣವಾಗಿ ಹರಡಿತ್ತು. ನಂಬರ್, ಪೂರ್ತಿ ಹೆಸರು, ವಿಳಾಸ, ಫೋನ್, ಬೆಳಗಿನ ಟೈಮ್, ಸಂಜೆಯ ಟೈಮ್. ಕೊನೆಯ ಕಾಲಂನಲ್ಲಿ ಆ ದಿನದ ಸೂಚನೆ. ಕಿಟಕಿಯ ಸಾಲಿನ ಕೊನೆಯಲ್ಲಿ ಕೆಂಪಕ್ಷರ ಎದ್ದು ಕಾಣುತ್ತಿತ್ತು: 'ಇವತ್ತು ಮನೆಗೆ ಬೀಗ. ಅಜ್ಜಿಯ ಅಂಗಡಿಯಲ್ಲಿ ಬಿಡಿ.'

"ಇಲ್ಲೇ ಇದೆ! ಅಪ್ಪ ನೋಡೇ ಇಲ್ಲ."

"ಆಮೇಲೆ ಜಗಳ ಆಡುವೆಯಂತೆ. ಚಪ್ಪಲಿ ಹಾಕ್ಕೋ."

ಕಿಟಕಿಯ ಮನೆ ಎರಡು ಬೀದಿಯಾಚೆ. ಅಮ್ಮ ಬಿರಬಿರನೆ ನಡೆದರೆ ಗಡಿಬಿಡಿ ಓಡಿದಳು. ಮುಂದೆ ಓಡುವುದು, ನಿಲ್ಲುವುದು, ಅಮ್ಮ ಬಂದಳೇ ಎಂದು ತಿರುಗುವುದು, ಮತ್ತೆ ಓಡುವುದು. ತಿರುವಿನಲ್ಲಿ ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು. ಆ ಪುಟ್ಟಿ ಒಬ್ಬಳೇ ಅಜ್ಜಿಯನ್ನು ಹುಡುಕಿಕೊಂಡು ಇದೇ ದಾರಿಯಲ್ಲಿ ಹೊರಟಿದ್ದರೆ? ಗಡಿಬಿಡಿ ಈ ಸಲ ಅಮ್ಮನಿಗಾಗಿ ನಿಲ್ಲದೆ ಓಡಿದಳು.

ಗೇಟು ತೆರೆದಿತ್ತು. ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಕೂತಿದ್ದಳು. ನೀರಿನ ಬಾಟಲಿ ಖಾಲಿಯಾಗಿತ್ತು.

"ನಾನೇನೂ ಅಳ್ಲಿಲ್ಲ," ಅಂದಳು. ಕೆನ್ನೆ ಇನ್ನೂ ಒದ್ದೆಯಾಗಿಯೇ ಇತ್ತು.

ಅಮ್ಮ ಅವಳನ್ನು ಎತ್ತಿಕೊಂಡಳು. "ವ್ಯಾನ್ ಅಂಕಲ್ ಏನೂ ಕೇಳ್ಲಿಲ್ವಾ ಪುಟ್ಟಾ?"

"ಕೇಳಿದ್ರು. ಅಮ್ಮ ಇದಾರಾ ಅಂದ್ರು. ಗೇಟ್ ತೆಗೆದಿತ್ತಲ್ಲ, ಅದಕ್ಕೆ ಇದಾರೆ ಅಂದೆ."

ಹೊಲಿಗೆ ಅಂಗಡಿಯಲ್ಲಿ ಅಜ್ಜಿ ಬೈಯಲಿಲ್ಲ. ಮೊಮ್ಮಗಳನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂರಿಸಿ, ಮೊಣಕಾಲು, ಮೊಣಕೈ ಎಲ್ಲ ತಿರುಗಿಸಿ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು: "ಹನ್ನೆರಡು ವರ್ಷದಿಂದ ನಮ್ಮನೆ ಮಕ್ಕಳು ಆ ವ್ಯಾನಲ್ಲೇ ಹೋಗಿದ್ದು. ಒಂದು ದಿನ ಹೀಗಾಗಿರ್ಲಿಲ್ಲ. ನಾಳೆ ಕಳಿಸೋದಾ ಬೇಡ್ವಾ, ಇವಳಮ್ಮನ್ನ ಕೇಳಿ ಹೇಳ್ತೀನಿ."

ಬೈದಿದ್ದರೇ ಎಷ್ಟೋ ವಾಸಿಯಿತ್ತು.

ಅವರು ಮನೆ ಮುಟ್ಟುವ ಹೊತ್ತಿಗೆ ವ್ಯಾನ್ ಬಂದು ನಿಂತಿತ್ತು. ಅಪ್ಪ ಇಳಿಯುತ್ತಿದ್ದ. ಅಮ್ಮ ನಡೆದದ್ದನ್ನು ಹೇಳಿದಳು. ಅಪ್ಪನ ಕೈ ವ್ಯಾನಿನ ಬಾಗಿಲ ಮೇಲೇ ಉಳಿಯಿತು.

"ಸೂಚನೆ ನೋಡ್ಲಿಲ್ವಾ ಅಪ್ಪಾ? ಕೆಂಪಲ್ಲಿ ಹಾಕಿತ್ತು. ಎರಡು ದಿನ ಕೂತು ಮಾಡಿದ್ದು ನಾನು. ಸುಮ್ನೆ ಒಂದ್ಸಲ ನೋಡಿದ್ರೆ ಸಾಕಿತ್ತು."

ಅಪ್ಪ ವ್ಯಾನಿನೊಳಗಿನ ಫೋನಿನ ಕಡೆ ಒಮ್ಮೆ ನೋಡಿದ. "ತಪ್ಪಾಯ್ತು," ಅಂದ. ಅಷ್ಟೇ. ನೀರೂ ಕುಡಿಯದೆ ಅಜ್ಜಿಯ ಅಂಗಡಿಯ ಕಡೆಗೆ ನಡೆದುಹೋದ.

ಜಗಳದಲ್ಲಿ ಗೆದ್ದಂತಾಯಿತು. ಆದರೆ ಗೆದ್ದ ಖುಷಿ ಎಲ್ಲೂ ಸಿಗಲಿಲ್ಲ. ಗಡಿಬಿಡಿ ಅಂಗಳದಲ್ಲಿ ಎರಡು ಸುತ್ತು ಹಾಕಿದಳು. ಅಪ್ಪ ಫೋನನ್ನು ವ್ಯಾನಿನಲ್ಲೇ ಬಿಟ್ಟಿದ್ದ. ಅವಳು ಹತ್ತಿ ಡ್ರೈವರ್ ಸೀಟಿನಲ್ಲಿ ಕೂತಳು. ಸ್ಟಿಯರಿಂಗ್ ಪಕ್ಕದ ಸ್ಟ್ಯಾಂಡಿನಲ್ಲಿ ಫೋನಿತ್ತು. ಶೀಟ್ ತೆರೆದಳು.

ನಂಬರ್. ಪೂರ್ತಿ ಹೆಸರು. ಅರ್ಧ ವಿಳಾಸ.

ಅಷ್ಟಕ್ಕೇ ಪರದೆ ಮುಗಿದಿತ್ತು.

ಬೆರಳಿನಿಂದ ಎಡಕ್ಕೆ ಸರಿಸಿದಳು. ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಎಳೆದಳು. ಫೋನ್ ಹ್ಯಾಂಗ್ ಆಗಿದೆ ಅಂದುಕೊಂಡು ಮೇಲೆ ಕೆಳಗೆ ಸರಿಸಿದಳು. ಸರಿಯಾಗಿಯೇ ಓಡಿತು. ಪಕ್ಕಕ್ಕೆ ಮಾತ್ರ ಇಲ್ಲ.

ಆಗ ನೆನಪಾಯಿತು. ಮೊದಲ ನಾಲ್ಕು ಕಾಲಂಗಳನ್ನು ಅವಳೇ ಫ್ರೀಜ್ ಮಾಡಿದ್ದಳು. ಶೀಟನ್ನು ಪಕ್ಕಕ್ಕೆ ಎಷ್ಟೇ ಸರಿಸಿದರೂ ಹೆಸರು, ವಿಳಾಸ, ಫೋನ್ ಕದಲದೆ ನಿಲ್ಲಲಿ ಅಂತ. ಅಮ್ಮನ ಪರದೆಯಲ್ಲಿ ಆ ನಾಲ್ಕು ನಿಂತ ಮೇಲೂ ಬೇಕಾದಷ್ಟು ಜಾಗ ಉಳಿಯುತ್ತಿತ್ತು. ಇಲ್ಲಿ ಎರಡೂವರೆ ಕಾಲಂ ನಿಂತಿದ್ದಕ್ಕೇ, ವ್ಯಾನಿನ ಬಾಗಿಲಲ್ಲಿ ಮಕ್ಕಳು ಅಡ್ಡ ನಿಂತಂತೆ, ಪರದೆ ತುಂಬಿಹೋಗಿತ್ತು. ಉಳಿದ ಕಾಲಂಗಳು ಹೊರಗೆ ಬರಲು ದಾರಿಯೇ ಇರಲಿಲ್ಲ.

ಅಪ್ಪನಿಗೆ ಸೂಚನೆಯ ಕಾಲಂ ಕಂಡಿರಲೇ ಇಲ್ಲ. ಇವತ್ತೊಂದೇ ದಿನವಲ್ಲ, ಎಂದೂ.

ಹಾಗಾದರೆ ಇಷ್ಟು ದಿನ?

ಮುಳುಗುವ ಸೂರ್ಯ ಗಾಜಿನಿಂದ ನೇರ ಕಣ್ಣಿಗೆ ಹೊಡೆಯುತ್ತಿತ್ತು. ಬಿಸಿಲು ತಡೆಯಲೆಂದು ತಲೆಯ ಮೇಲಿನ ಮಡಿಚುವ ಹಲಗೆಯನ್ನು ಇಳಿಸಿದಳು. ಸಣ್ಣ ಸಣ್ಣ ಚೀಟಿಗಳು ಮಡಿಲಿಗೆ ಉದುರಿದವು. ಒಂಬತ್ತು. ಎಲ್ಲದರಲ್ಲೂ ಅಪ್ಪನ ವಾರೆ ಅಕ್ಷರ. 'ನಿದ್ದೆ: ಇವತ್ತು ರಜ.' 'ಪ್ರಶ್ನೆ: ಹಿಂದಿನ ಗೇಟು.' 'ಅವಳಿಗಳು: ಒಬ್ಬನೇ ಬರ್ತಾನೆ.' ಅವಳು ಶೀಟ್ ಕೊಟ್ಟ ಮೇಲೆ ಸ್ಕೂಲ್ ನಡೆದದ್ದೂ ಒಂಬತ್ತೇ ದಿನ.

ದಿನಾ ಬೆಳಿಗ್ಗೆ ಅಪ್ಪ ಕಾಫಿ ಲೋಟ ಹಿಡಿದು ಅಮ್ಮನ ದೊಡ್ಡ ಪರದೆಯ ಮುಂದೆ ನಿಲ್ಲುತ್ತಿದ್ದ. ತನ್ನ ಬಣ್ಣಗಳನ್ನು ನೋಡಿ ಖುಷಿಪಡುತ್ತಿದ್ದಾನೆ ಅಂದುಕೊಂಡಿದ್ದಳು ಗಡಿಬಿಡಿ. ಅವನು ಅಲ್ಲಿಂದ ಸೂಚನೆಗಳನ್ನು ಚೀಟಿಗೆ ಇಳಿಸಿಕೊಳ್ಳುತ್ತಿದ್ದ. ಇವತ್ತಿನ ಚೀಟಿಯಲ್ಲಿ ಕಿಟಕಿಯ ಹೆಸರಿರಲಿಲ್ಲ. ಆ ಸೂಚನೆ ಬಂದದ್ದು ಮಧ್ಯಾಹ್ನ.

ಮೊದಲ ದಿನ ಅವಳು ಫೋನನ್ನು ಅಪ್ಪನ ಕೈಗಿಟ್ಟು, "ಹೇಗಿದೆ? ಸೂಪರ್ ಅಲ್ವಾ?" ಎಂದು ಕುಣಿದಿದ್ದಳು. ಅಪ್ಪ ಒಂದು ಗಳಿಗೆ ಫೋನ್ ನೋಡಿದ್ದ. ಆಮೇಲೆ ಅವಳ ಮುಖ ನೋಡಿ, "ಚೆನ್ನಾಗಿದೆ," ಅಂದಿದ್ದ.

ಚೀಟಿಗಳನ್ನು ಇದ್ದ ಹಾಗೇ ಸಿಕ್ಕಿಸಿಟ್ಟು ಅವಳು ಒಳಗೆ ಓಡಿದಳು.

ಫ್ರೀಜ್ ತೆಗೆದಳು. ವ್ಯಾನಿಗೆ ಓಡಿ ನೋಡಿದಳು. ಈಗ ಸರಿಯುತ್ತಿತ್ತು, ಆದರೆ ಸೂಚನೆ ಸಿಗಬೇಕಾದರೆ ಐದಾರು ಸಲ ಎಳೆಯಬೇಕು. ಒಳಗೆ ಓಡಿದಳು. ವಿಳಾಸದ ಕಾಲಂ ಮುಚ್ಚಿಟ್ಟಳು. ಹನ್ನೆರಡು ವರ್ಷ ಓಡಾಡಿದವನಿಗೆ ಮನೆ ಎಲ್ಲಿ ಅಂತ ಯಾಕೆ ಹೇಳಬೇಕು? ಹೊರಗೆ ಓಡಿದಳು. ಪೂರ್ತಿ ಹೆಸರುಗಳೇ ಅರ್ಧ ಪರದೆ ತಿನ್ನುತ್ತಿದ್ದವು. ಒಳಗೆ ಹೋಗಿ ಅವನ್ನು ತೆಗೆದು ಅಪ್ಪ ಕರೆಯುವ ಹೆಸರುಗಳನ್ನೇ ಬರೆದಳು.

"ಮೆಟ್ಟಿಲು ಸವೆದುಹೋಗುತ್ತೆ ಕಣೇ," ಅಂದಳು ಅಮ್ಮ. "ಏನು ನಡೆಸಿದ್ದೀಯ?"

"ಇಲ್ಲಿ ಕಂಡಿದ್ದು ಅಲ್ಲಿ ಕಾಣಲ್ಲ ಅಮ್ಮ."

ಡ್ರೈವರ್ ಸೀಟಿಗೆ ಒರಗಿ ಕೂತರೆ ಫೋನ್ ತೋಳಿನಷ್ಟು ದೂರ. ಅಕ್ಷರ ಇರುವೆಯಂತೆ ಕಾಣುತ್ತಿತ್ತು. ದೊಡ್ಡದು ಮಾಡಿದಳು. ಬಿಸಿಲಿಗೆ ಅವಳ ಇಷ್ಟದ ತಿಳಿಹಳದಿ ಬಣ್ಣ ಮಾಯವಾಗುತ್ತಿತ್ತು. ಒಳಗೆ ಹೋಗಿ ಬಣ್ಣಗಳನ್ನೆಲ್ಲ ಅಳಿಸಿದಳು.

ಈಗ ಮೂರೇ ಕಾಲಂ. ಹೆಸರು, ಸೂಚನೆ, ಟೈಮ್. ಅಮ್ಮನ ದೊಡ್ಡ ಪರದೆಯಲ್ಲಿ ಅದು ಒಂದು ಮೂಲೆಗೆ ಸರಿದು ನಿಂತಿತ್ತು. ಉಳಿದದ್ದೆಲ್ಲ ಬರೀ ಬಿಳಿ.

ಅಪ್ಪ ಮರಳಿ ಬಂದು ಜಗಲಿಯ ಮೇಲೆ ಕೂತ. ಅಜ್ಜಿ ಏನಂದರು ಎಂದು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಒಳಗೆ ಅಮ್ಮನ ಫೋನ್ ರಿಂಗಾಯಿತು. ಕಿಟಕಿಯ ಅಮ್ಮ. ಗಡಿಬಿಡಿ ಬಾಗಿಲಿಗೆ ಅಂಟಿಕೊಂಡು ಕೇಳಿಸಿಕೊಂಡಳು. ಅಮ್ಮ ಫೋನ್ ಇಟ್ಟು ಕಂಪ್ಯೂಟರಿನ ಕಡೆಗೆ ತಿರುಗಿದಳು.

"ನಾನೇ ಹಾಕ್ತೀನಿ," ಅಂದಳು ಗಡಿಬಿಡಿ. "ಅಪ್ಪನಿಗೆ ಹೇಳ್ಬೇಡ."

ಟೈಪ್ ಮಾಡಿ ಹೊರಗೆ ಬಂದಳು.

"ಅಪ್ಪಾ, ವ್ಯಾನಲ್ಲಿ ಕೂತ್ಕೋ ಬಾ."

"ಈಗ ಎಲ್ಲಿಗೇ?"

"ಎಲ್ಲಿಗೂ ಇಲ್ಲ. ಸುಮ್ನೆ ಕೂತ್ಕೋ."

ಅಪ್ಪ ಕೂತ. ಅವಳು ಪಕ್ಕದಲ್ಲಿ ಕೂತು ಫೋನನ್ನು ತೋರಿಸಿದಳು. ಚೆನ್ನಾಗಿದೆಯಾ ಎಂದು ಕೇಳಲಿಲ್ಲ.

"ಓದು," ಅಂದಳು.

"ನಿದ್ದೆ... ಏನಿಲ್ಲ. ಪ್ರಶ್ನೆ... ಹಿಂದಿನ ಗೇಟು." ಅಪ್ಪನ ಹೆಬ್ಬೆರಳು ಮೆಲ್ಲಗೆ ಕೆಳಗೆ ಸರಿಯಿತು. "ಕಿಟಕಿ. ನಾಳೆ ಸಂಜೆ..."

ಹೆಬ್ಬೆರಳು ನಿಂತಿತು.

"ನಾಳೆ ಸಂಜೆಯೂ ಅಜ್ಜಿಯ ಅಂಗಡಿಯಲ್ಲೇ ಬಿಡಿ."

ಅಪ್ಪ ಅದನ್ನು ಇನ್ನೊಂದು ಸಲ, ಈ ಸಲ ದನಿಯಿಲ್ಲದೆ ಓದಿಕೊಂಡ. ಗಡಿಬಿಡಿ ಪರದೆಯ ಕಡೆ ನೋಡಲಿಲ್ಲ. ಅಲ್ಲಾಡದೆ ಕೂತು ಅಪ್ಪನ ಮುಖವನ್ನೇ ನೋಡುತ್ತಿದ್ದಳು.