ಶಂಕರಪುರದಿಂದ ಹೋದ ಸ್ಯಾಕ್ಸೊಫೋನು

೨೦೦೭ರ ಡಿಸೆಂಬರ್ ಮೂರು, ಸೋಮವಾರ ಬೆಳಿಗ್ಗೆ ಕಾಪು ಠಾಣೆಯ ಮೇಜಿನ ಮೇಲೆ ಒಲಿಂಡಾ ಉದ್ದನೆಯ ಪೆಟ್ಟಿಗೆಯೊಂದನ್ನು ಇಟ್ಟು, "ಇದು ನನ್ನ ಗಂಡನದ್ದಲ್ಲ ಸರ್" ಎಂದರು.

ಎಸ್‌ಐ ಪರಮಾನಂದ ಮುಚ್ಚಳ ಎತ್ತಿದರು. ಒಳಗೆ ಹಿತ್ತಾಳೆಯ ಸ್ಯಾಕ್ಸೊಫೋನು. ಬಿಜಾಪುರದ ಕಡೆಯವರಾದ ಅವರು ಕರಾವಳಿಗೆ ಬಂದು ಎರಡು ವರ್ಷವಾಗಿತ್ತು. ಇಲ್ಲಿಯ ಜನ ಮದುವೆಗೂ ದೇವಸ್ಥಾನಕ್ಕೂ ಇದನ್ನೇ ಯಾಕೆ ಊದಿಸುತ್ತಾರೆಂಬುದು ಅವರಿಗಿನ್ನೂ ಬಗೆಹರಿದಿರಲಿಲ್ಲ.

ಒಲಿಂಡಾ ಶಂಕರಪುರದವರು. ಗಂಡ ಅಲೋಶಿಯಸ್ ಕುವೈಟಿನಲ್ಲಿ ದುಡಿದು ತಂದ ಫ್ರೆಂಚ್ ಸ್ಯಾಕ್ಸೊಫೋನನ್ನು ಸಾಯುವವರೆಗೂ ಮದುವೆಗಳಲ್ಲಿ ಊದಿದವರು. ಈಗ ಮನೆಯಲ್ಲಿ ಊದುವವರಿಲ್ಲ. ಸುಮ್ಮನೆ ಹಸಿರುಗಟ್ಟುವ ಬದಲು ಯಾರದಾದರೂ ಕೈಯಲ್ಲಿರಲಿ ಎಂದು ಒಲಿಂಡಾ ಬನ್ನಂಜೆಯ ಸೈಬರ್ ಕೆಫೆಯಲ್ಲಿ ಕೂತು, ಫೋಟೊ ಹಾಕಿ, ಹರಾಜಿನ ವೆಬ್‌ಸೈಟಿನಲ್ಲಿ ಮಾರಿದ್ದರು. ಕೊಂಡವನು ಕಾರ್ಕಳದ ದೇವದಾಸ. ವಾರ ಕಳೆಯುವಷ್ಟರಲ್ಲಿ ಅವನು ವೆಬ್‌ಸೈಟಿಗೆ ದೂರು ಕೊಟ್ಟ: ಬಂದದ್ದು ನಕಲಿ ಮಾಲು. ಜೊತೆಗೆ ಮಣಿಪಾಲದ ವಾದ್ಯದಂಗಡಿಯವರೊಬ್ಬರು ಹಾಗೆಂದೇ ಬರೆದುಕೊಟ್ಟ ಪತ್ರ. ಕಂಪನಿ ಅವನಿಗೆ ದುಡ್ಡು ವಾಪಸು ಮಾಡಿತು, ಪೆಟ್ಟಿಗೆ ಶಂಕರಪುರಕ್ಕೆ ಮರಳಿತು.

ಪರಮಾನಂದ ವೆಬ್‌ಸೈಟಿನ ಫೋಟೊವನ್ನೂ ವಾದ್ಯವನ್ನೂ ಪಕ್ಕಪಕ್ಕ ಹಿಡಿದರು.

"ಮೈಮ್ಯಾಲಿನ ನಂಬರ್ ಅದೇ ಐತಲ್ರೀ."

"ಫೋಟೊ ನೋಡಿ ಕೆತ್ತಿಸಿದ್ದಾರೆ ಸರ್."

"ನೀವೇ ನಕಲಿ ಮಾರಿ ಈಗ ನಮ್ಮ ಕಣ್ಣಿಗೆ ಮಣ್ಣೆರಚಾಕ ಬಂದಿಲ್ಲಂತ ಹೆಂಗ ನಂಬಲಿ?"

ಒಲಿಂಡಾರ ಮುಖ ಕೆಂಪೇರಿತು. "ದುಡ್ಡು ಹೋದರೆ ಹೋಗಲಿ. ನಿನ್ನೆ ಇಗರ್ಜಿಯ ಹೊರಗೆ ಒಬ್ಬರು ನಕ್ಕರು, ಅಲೋಶಿಯಸ್ ಇಷ್ಟು ವರ್ಷ ಊದಿದ್ದು ಡೂಪ್ಲಿಕೇಟಾ ಅಂತ. ಸತ್ತವರು ಬಂದು ಉತ್ತರ ಕೊಡ್ಲಿಕ್ಕೆ ಆಗ್ತದಾ ಸರ್? ಅವರದ್ದು ಅಸಲಿ ಅಂತ ಆಗಬೇಕು, ಅಷ್ಟೇ."

ಪರಮಾನಂದರಿಗೆ ನಂಬಿಕೆ ಬರಲಿಲ್ಲ. ದೂರು ತಂದು ಅತ್ತವರೇ ಕಳ್ಳರಾಗಿದ್ದನ್ನು ಅವರು ಬೇಕಾದಷ್ಟು ಕಂಡಿದ್ದರು. ಆದರೂ ಐಪಿಸಿ ೪೨೦ರಡಿ ಎಫ್‌ಐಆರ್ ದಾಖಲಿಸಿದರು. ಇಬ್ಬರಲ್ಲಿ ಒಬ್ಬರು ಹಸಿ ಸುಳ್ಳು ಹೇಳುತ್ತಿದ್ದಾರೆ, ಯಾರೆಂದು ನೋಡಿಯೇ ಬಿಡೋಣ ಎಂಬ ಹಟ ಅವರದು.

ಇಬ್ಬರು ಪಂಚರ ಎದುರು ವಾದ್ಯದ ಪಂಚನಾಮೆ ಶುರುವಾಯಿತು. ಹೆಡ್ ಕಾನ್‌ಸ್ಟೇಬಲ್ ದೂಮಪ್ಪ ಬಿಳಿ ಬಟ್ಟೆಯ ಚುಂಗನ್ನು ಕೀಲಿಗಳ ಕೆಳಗೆ ತೂರಿಸಿ ಎಳೆದರು. ಬಟ್ಟೆ ಕೆಂಪಾಗಿತ್ತು.

"ತುಕ್ಕೇನ್ರೀ?"

"ಹಿತ್ತಾಳೆಗೆ ಕೆಂಪು ತುಕ್ಕು ಎಂತ ಸಾರ್? ಇದು ಕುಂಕುಮ."

ಪರಮಾನಂದ ಎದ್ದು ಗೋಡೆಯ ಬದಿಯ ರೈಫಲ್‌ಗಳ ಹತ್ತಿರ ಹೋದರು. ಆಯುಧ ಪೂಜೆ ಮುಗಿದು ತಿಂಗಳು ದಾಟಿತ್ತು. ಎಷ್ಟು ಒರೆಸಿದರೂ ಸಂದಿಗಳಲ್ಲಿ ಕುಂಕುಮ ಹಾಗೆಯೇ ಕೂತಿತ್ತು, ಹೋದ ವರ್ಷದ್ದರ ಮೇಲೆ ಈ ವರ್ಷದ್ದು.

"ಒಲಿಂಡಾಬಾಯಿ, ನಿಮ್ಮ ಮನ್ಯಾಗ ಆಯುಧ ಪೂಜಿ ಮಾಡ್ತೀರೇನು?"

"ನಮ್ಮಲ್ಲಿ ಇಲ್ಲ ಸರ್. ಭಾನುವಾರ ಅವರೇ ಎಣ್ಣೆ ಹಾಕಿ ಒರೆಸುತ್ತಿದ್ದರು. ನನಗೂ ಮುಟ್ಟಲಿಕ್ಕೆ ಬಿಡುತ್ತಿರಲಿಲ್ಲ."

ಇಷ್ಟಕ್ಕೇ ಸಂಶಯ ಹೋಗಲಿಲ್ಲ. ಈಯಮ್ಮ ಯಾರದೋ ಹಳೆಯದನ್ನು ತಂದು ಮಾರಿರಬಾರದೇಕೆ? ಮರುದಿನ ಜೀಪು ಕಾರ್ಕಳಕ್ಕೆ ಹೊರಟಿತು.

ವೆಬ್‌ಸೈಟಿಗೆ ಬರೆದ ದೂರಿನಲ್ಲಿ ದೇವದಾಸ, ತನಗೆ ಊದಲು ಬರುವುದಿಲ್ಲ, ಶೋಕೇಸಿನಲ್ಲಿಡಲು ತರಿಸಿದ್ದು ಎಂದಿದ್ದ. ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ದೂಮಪ್ಪ ಚಾ ಕುಡಿಯುತ್ತ ಸುಮ್ಮನೆ ಅವನ ಹೆಸರೆತ್ತಿದರು.

"ದೇವದಾಸಣ್ಣನಾ? ಇಪ್ಪತ್ತು ವರ್ಷದಿಂದ ಊದುತ್ತಾರೆ" ಎಂದರು ಗಲ್ಲಾದಲ್ಲಿದ್ದವರು. "ಮೊದಲು ಒಂದು ನಮೂನೆ ಇತ್ತು. ಈಗ ಕೇಳಬೇಕು ಮಾರಾಯ್ರೆ, ಎಂತ ನಾದ!"

ಪರಮಾನಂದ ಚಾ ಅರ್ಧಕ್ಕೇ ಬಿಟ್ಟು ಎದ್ದರು.

ದೇವದಾಸ ಮನೆಯಲ್ಲೇ ಇದ್ದ. ತೆಳ್ಳಗಿನ, ಮೆಲುದನಿಯ ಮನುಷ್ಯ. ದೇವರ ಕೋಣೆಯ ಬಾಗಿಲ ಬಳಿ ರೇಷ್ಮೆ ಬಟ್ಟೆಯ ಮೇಲೆ ಸ್ಯಾಕ್ಸೊಫೋನು ಮಲಗಿತ್ತು, ಅದರ ಹಣೆಗೊಂದು ಕುಂಕುಮದ ಬೊಟ್ಟು. ನಂಬರ್ ಇರಬೇಕಾದ ಜಾಗವನ್ನು ಅರದಿಂದ ಉಜ್ಜಲಾಗಿತ್ತು.

"ಊದಾಕ ಬರಂಗಿಲ್ಲ ಅಂತ ಬರದಿದ್ರಿ?"

"ನಾಚಿಕೆಗೆ ಹಾಗೆ ಬರೆದೆ ಸಾರ್. ಇದು ನನ್ನ ಹಳೆಯದು. ನಂಬರ್ ಸವೆದು ಹೋಗಿದೆ."

"ಎಷ್ಟು ವರ್ಷದ್ದು?"

"ಇಪ್ಪತ್ತು."

"ಪ್ರತಿ ವರ್ಷ ಪೂಜಿ?"

"ಒಂದು ವರ್ಷವೂ ತಪ್ಪಿಸಿದ್ದಿಲ್ಲ." ಹೇಳುವಾಗ ಅವನ ಎದೆ ಸ್ವಲ್ಪ ಮುಂದೆ ಬಂತು.

ಪರಮಾನಂದ ದೂಮಪ್ಪನ ಕಡೆ ನೋಡಿದರು. ಪಂಚರ ಎದುರು ಹೊಸ ಬಿಳಿ ಬಟ್ಟೆ ಕೀಲಿಗಳ ಕೆಳಗೆ ಹೋಗಿ ಬಂತು. ಬರೀ ಎಣ್ಣೆ. ಇನ್ನೊಂದು ಸಂದಿಗೆ ಹೋಗಿ ಬಂತು. ಅಲ್ಲೂ ಎಣ್ಣೆ. ನಿನ್ನೆಯ ಕೆಂಪು ಬಟ್ಟೆಯನ್ನು ಪರಮಾನಂದ ಅದರ ಪಕ್ಕದಲ್ಲಿ ಹಾಸಿದರು.

"ಇಪ್ಪತ್ತು ವರ್ಷ ಪೂಜಿ ಮಾಡಿದ್ದು ಸ್ವಚ್ಛ ಐತಿ. ಕ್ರಿಶ್ಚಿಯನ್ನರ ಮನಿಯಿಂದ ಬಂದದ್ದರ ತುಂಬ ಕುಂಕುಮ. ಹೆಂಗ ಇದು ದೇವದಾಸ?"

ದೇವದಾಸ ಬಟ್ಟೆಗಳನ್ನು ನೋಡಿದ. ರೇಷ್ಮೆ ಬಟ್ಟೆಯ ಸಮೇತ ವಾದ್ಯವನ್ನು ಎತ್ತಿ ದೂಮಪ್ಪನ ಕೈಗೆ ಕೊಟ್ಟ. ಮಧ್ಯಾಹ್ನ ೩.೧೫ಕ್ಕೆ ದಸ್ತಗಿರಿ ಆಯಿತು.

ಸಂಜೆ ವಾದ್ಯ ಗುರುತಿಸಲು ಒಲಿಂಡಾರನ್ನು ಕರೆಸಿದರು. ಅವರು ಗಂಡನ ಹೆಬ್ಬೆರಳು ಸವೆಸಿದ ಜಾಗವನ್ನು ಒಮ್ಮೆ ಸವರಿ, ಕಣ್ಣೊರೆಸಿಕೊಂಡು, "ಇದೇ" ಎಂದರು. ನಿನ್ನೆ ಇವರ ಮೇಲೆ ಹರಿಹಾಯ್ದದ್ದು ನೆನಪಾಗಿ ಪರಮಾನಂದರಿಗೆ ಮುಜುಗರವಾಯಿತು. ತಾವೇ ಕುರ್ಚಿ ಎಳೆದು ಕೂರಿಸಿದರು.

"ಯಾಕ ಮಾಡಿದೆ?" ಎಂದು ದೇವದಾಸನನ್ನು ಕೇಳಿದರು.

"ಹಿಂದೊಮ್ಮೆ ಒಂದು ಮದುವೆಯಲ್ಲಿ ಅಲೋಶಿಯಸ್ ಬಾಬು ಇದನ್ನು ನನ್ನ ಕೈಗೆ ಕೊಟ್ಟು, ಒಂದು ಪದ್ಯ ಊದು ಅಂದಿದ್ದರು ಸಾರ್. ಆಮೇಲೆ ನನ್ನದನ್ನು ಊದಿದರೆ ಡಬ್ಬ ಬಡಿದ ಹಾಗೆ ಕೇಳುತ್ತಿತ್ತು. ಇದರ ಫೋಟೊ ಕಂಡಾಗ ಸಾಲ ಮಾಡಿ ತರಿಸಿದೆ. ಏಳು ದಿನದೊಳಗೆ ಹಿಂದೆ ಕಳಿಸಬಹುದು ಅಂತ ಇತ್ತು. ಏಳು ದಿನ ಊದಿ ಕಳಿಸಿಬಿಡುವ ಅಂತಲೇ ಇದ್ದೆ. ಏಳನೆಯ ದಿನ ಪೆಟ್ಟಿಗೆ ಮುಚ್ಚಲಿಕ್ಕೆ ಕೈ ಬರಲಿಲ್ಲ. ನನ್ನ ಹಳೆಯದಕ್ಕೆ ಇದರ ನಂಬರ್ ಕೆತ್ತಿಸಿ ಅದನ್ನೇ ಕಳಿಸಿದೆ."

ಒಲಿಂಡಾ ಅವನ ಕಡೆ ತಿರುಗಿದರು. "ನೀವು ನಕಲಿ ಅಂತ ಬರೆದಿರಿ. ಈಗ ಇವರೆದುರು ನಿಮ್ಮ ಬಾಯಲ್ಲೇ ಹೇಳಿ."

ದೇವದಾಸ ತಲೆ ಎತ್ತಲಿಲ್ಲ.

"ಅಸಲಿ ಬಾಯಮ್ಮ. ನಕಲಿ ಆಗಿದ್ದರೆ ಏಳನೆಯ ದಿನ ಕಳಿಸಿಬಿಡುತ್ತಿದ್ದೆ."

ಪರಮಾನಂದ, ಹೇಳಿಕೆ ಬರೆಯುತ್ತಿದ್ದ ದೂಮಪ್ಪನಿಗೆ ಆ ಮಾತನ್ನು ಅವನು ಹೇಳಿದ ಹಾಗೆಯೇ ಬರೆಯಲು ಹೇಳಿದರು.