ಶಂಭುಲಿಂಗನ ಬದಲಿಗೆ ನಕ್ಕ ಮಂಗ

ಮೊದಲ ದಿನ ಅವನನ್ನು ಅಂಗಡಿಯಿಂದ ಬೈದು ಕಳಿಸಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ಭಾರೀ ಒಳ್ಳೆಯವಳು ಎಂದುಕೊಳ್ಳಬಾರದು.

ಹೊಸಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ಮೊಬೈಲ್, ಮಿಕ್ಸರ್, ಮಕ್ಕಳ ರಿಮೋಟ್ ಕಾರು, ಏನು ತಂದರೂ ಬಿಚ್ಚುತ್ತೇನೆ. ಗೋಡೆಯ ಮೇಲೆ ಬುದ್ಧನ ಫೋಟೊ, ಪಕ್ಕದಲ್ಲಿ ಬಾಬಾಸಾಹೇಬರದು. ಆ ಎರಡು ಫೋಟೊ ನೋಡಿದ ಮೇಲೆ ಕೆಲವು ಗಿರಾಕಿಗಳ ಮುಖ ಬಿಗಿದುಕೊಳ್ಳುತ್ತದೆ. ಚಿಲ್ಲರೆಯನ್ನು ಕೈಗೆ ಕೊಡದೆ ಕೌಂಟರ್ ಮೇಲೆ ಇಡುತ್ತಾರೆ. ನನಗೆ ಇಪ್ಪತ್ತೊಂಬತ್ತು ವರ್ಷ, ಆ ಮುಖವನ್ನು ದೂರದಿಂದಲೇ ಗುರುತಿಸುತ್ತೇನೆ.

ಅವನು ಹಣೆಗೆ ವಿಭೂತಿ ಹಚ್ಚಿಕೊಂಡು, ಕಂಕುಳಲ್ಲಿ ಒಂದು ಮಂಗನ ತಲೆ ಹಿಡಿದುಕೊಂಡು ಬಂದ. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದಾದ ಆಟಿಕೆ. ಸ್ವಿಚ್ ಹಾಕಿದರೆ ಕಣ್ಣು ಪಿಳುಕಿಸಿ, ಬಾಯಿ ತೆರೆದು ಕಿಚ್ ಕಿಚ್ ಎನ್ನುವಂಥದ್ದು. ಅವನು ಗೋಡೆಯ ಫೋಟೊ ನೋಡಿದ, ನನ್ನನ್ನು ನೋಡಿದ. ನಾನು ನಕ್ಕು ನಮಸ್ಕಾರ ಅಂದೆ. ಅವನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಇದನ್ನ ನಗೋ ಹಂಗ ಮಾಡಬೇಕಾಗಿತ್ರಿ," ಅಂದ. ದನಿಯಲ್ಲೂ ಏರಿಳಿತವಿಲ್ಲ.

"ಮೊದಲು ತಂದವ್ರು ನಗೋದು ಕಲೀರಿ. ಆಮ್ಯಾಲೆ ಮಂಗ್ಯಾಗ ಕಲಿಸೋಣಂತ," ಅಂದೆ.

ಅವನು ಮಂಗನ ತಲೆಯನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡ. ಆಮೇಲೆ ಸಣ್ಣ ಸಣ್ಣ ಹೆಜ್ಜೆ ಇಟ್ಟು, ಭಾಳ ನಿಧಾನಕ್ಕೆ ಹಿಂದಕ್ಕೆ ತಿರುಗಿ ಹೊರಟುಹೋದ. ಸೊಕ್ಕು ನೋಡು ಎಂದುಕೊಂಡೆ. ನಮ್ಮ ಕೈಗುಣ ಬೇಕು, ನಮ್ಮ ಮುಖಕ್ಕೊಂದು ನಗು ಬೇಡ. ಮಧ್ಯಾಹ್ನ ಊಟ ಮಾಡುವಾಗಲೂ ನನ್ನ ಸಿಟ್ಟು ಇಳಿದಿರಲಿಲ್ಲ.

ಮರುದಿನ ಅವನು ಮತ್ತೆ ಬಂದ. ಮಾತಾಡುವುದಕ್ಕೆ ಮೊದಲು ಆಸ್ಪತ್ರೆಯ ಒಂದು ಚೀಟಿಯನ್ನು ನನ್ನ ಕೈಗೇ ಕೊಟ್ಟ.

"ಸಿಟ್ಟಾಗಬ್ಯಾಡ್ರಿ ಮೇಡಮ್. ನನ್ನ ಮುಖ ನಗಂಗಿಲ್ರಿ. ನಿನ್ನೆ ನೀವು ನಮಸ್ಕಾರ ಅಂದಾಗ ನಾನು ಒಳಗ ನಕ್ಕಿದ್ದೆ."

ಹೆಸರು ಶಂಭುಲಿಂಗ, ಊರು ಕಂಪ್ಲಿ. ಸಂಡೂರಿನ ಕಡೆ ಮ್ಯಾಂಗನೀಸ್ ಅದಿರು ಕರಗಿಸುವ ಒಂದು ಕಾರ್ಖಾನೆಯಲ್ಲಿ, ಕುಲುಮೆಯ ಮುಂದೆ ಒಂಬತ್ತು ವರ್ಷ ನಿಂತವನು. ಆ ಹೊಗೆ ಮೂಗಿನಿಂದ ಹೋಗಿ ಮೆದುಳಲ್ಲಿ ಕೂತಿತ್ತು. ಮೊದಲು ಮಾತು ನಿಧಾನವಾಯಿತು, ಆಮೇಲೆ ಹೆಜ್ಜೆ ಸಣ್ಣವಾದವು, ಕೊನೆಗೆ ಮುಖ ಕಲ್ಲಾಯಿತು. ಕಾರ್ಖಾನೆಯವರು ಅವನಿಗೆ ಮೈಗಳ್ಳ ಎಂದು ಹೆಸರಿಟ್ಟು ಹೊರಗೆ ಹಾಕಿದರು.

ಈಗ ಕಡ್ಡಿರಾಂಪುರದ ಹೋಮ್‌ಸ್ಟೇ ಒಂದರಲ್ಲಿ ರಿಸೆಪ್ಷನ್ ಕೆಲಸ. ಹಂಪಿ ನೋಡಲು ಬಂದವರೆಲ್ಲ ಹೋಗುವಾಗ ಮೊಬೈಲ್‌ನಲ್ಲಿ ಬರೆಯುತ್ತಿದ್ದರಂತೆ: ರೂಮು ಚೆನ್ನ, ಊಟ ಚೆನ್ನ, ರಿಸೆಪ್ಷನ್ ಮನುಷ್ಯನಿಗೆ ಮಾತ್ರ ಮರ್ಯಾದೆ ಗೊತ್ತಿಲ್ಲ.

"ಮಾಲಕ ಹಂಪೇಶಣ್ಣ ತಿಂಗಳ ಮುಗಿಯೋತನಕ ನೋಡ್ತೀನಿ ಅಂದಾನ್ರಿ. ಅದಕ್ಕ ಟೇಬಲ್ ಮ್ಯಾಲೆ ಇದನ್ನ ಕುಂದ್ರಸ್ತೀನಿ. ನಾನು ಬಟನ್ ಒತ್ತತೀನಿ, ಇದು ನಗಲಿ."

ಕ್ಷಮಿಸಿ ಎನ್ನಬೇಕಿತ್ತು. ಅದರ ಬದಲು ಸ್ಟೂಲು ಎಳೆದು, "ಕುಂದ್ರಿ," ಅಂದೆ.

ಮಂಗನ ತುಪ್ಪಳದ ಚರ್ಮ ಸುಲಿದಾಗ ಒಳಗೆ ಎರಡೇ ಮೋಟರ್ ಇದ್ದವು. ಒಂದು ದವಡೆಗೆ, ಇನ್ನೊಂದು ರೆಪ್ಪೆಗೆ. ಬಾಯಿ ತೆರೆದರೆ ಕಿರುಚಿದಂತೆ ಕಾಣುತ್ತಿತ್ತೇ ಹೊರತು ನಕ್ಕಂತಲ್ಲ. ನಗು ತುಟಿಯ ತುದಿಯಲ್ಲಿರುತ್ತದೆ. ಹಳೆಯ ಬೋರ್ಡು ಕಿತ್ತೆಸೆದು, ನನ್ನದೊಂದು ಬೋರ್ಡು ಕೂಡಿಸಿ, ತುಟಿಯ ಎರಡು ತುದಿಗೂ ಹುಬ್ಬಿಗೂ ಸಣ್ಣ ಮೋಟರ್ ಹಾಕಿ, ಮೀನು ಹಿಡಿಯುವ ಗಾಳದ ದಾರದಿಂದ ಎಳೆದು ಕಟ್ಟಿದೆ. ವಾರಗಟ್ಟಲೆ ಹಿಡಿಯಿತು. ಅವನು ಡ್ಯೂಟಿ ಮುಗಿಸಿ ದಿನಾ ಬಂದು ಕೂರುತ್ತಿದ್ದ.

"ಈ ನಗು ಹೆಂಗೈತ್ರಿ?"

"ಓಟು ಕೇಳಾಕ ಬಂದವ್ರು ನಕ್ಕಂಗೈತ್ರಿ."

"ಈಗ?"

"ಈಗ ಬೀಗರು ನಕ್ಕಂಗಾತು."

ಆ ಮುಖದಿಂದ ಇಂಥ ಮಾತು ಬರುತ್ತದೆಂದು ನನಗೆ ಅಂದಾಜೇ ಇರಲಿಲ್ಲ. ಸ್ಕ್ರೂಡ್ರೈವರ್ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವನು ರೆಪ್ಪೆಯನ್ನೂ ಬಡಿಯದೆ ನನ್ನನ್ನೇ ನೋಡುತ್ತಿದ್ದ. ಆ ನೋಟಕ್ಕೆ ನನ್ನ ಕಿವಿ ಬಿಸಿಯಾಗುತ್ತಿತ್ತು, ಸುಮ್ಮನೆ ತಲೆ ತಗ್ಗಿಸಿ ಸೋಲ್ಡರ್ ಮಾಡುತ್ತಿದ್ದೆ.

"ನಿಮ್ಮ ಮನ್ಯಾಗ ನಿಮ್ಮ ಮುಖ ಯಾರಿಗೂ ತಿಳಿಯಂಗಿಲ್ಲೇನ್ರಿ?" ಎಂದು ಒಮ್ಮೆ ಕೇಳಿದೆ.

"ಅವ್ವಗೊಬ್ಬಾಕಿಗೆ ತಿಳಿತೈತ್ರಿ. ಹೊಸ್ತಿಲದಾಗ ನಿಂತ್ರ ಸಾಕು, ಇವತ್ತು ಯಾಕ ಮನಸ್ಸು ಕೆಡಿಸ್ಕೊಂಡಿ ಅಂತಾಳ."

ಮಂಗ ಹೋಮ್‌ಸ್ಟೇಯ ಟೇಬಲ್ ಏರಿತು. ಬಂದವರು ಅದರ ಜೊತೆ ಸೆಲ್ಫಿ ತೆಗೆದುಕೊಂಡರು. ಹಂಪೇಶಣ್ಣ ಕೆಲಸ ಬಿಡಿಸುವ ಮಾತು ಎತ್ತಲಿಲ್ಲ. ಆದರೆ ಶಂಭುವಿನ ಬೆರಳು ನಡುಗಲು ಶುರುವಾಗಿತ್ತು. ನಗುವಿನ ಬಟನ್ ಒತ್ತಲು ಹೋಗಿ ಹುಬ್ಬಿನ ಬಟನ್ ಒತ್ತುತ್ತಿದ್ದ. ಬ್ಯಾಗ್ ಕಳೆದುಕೊಂಡು ಅಳುತ್ತ ಬಂದ ಹೆಂಗಸಿನ ಮುಂದೆ ಮಂಗ ಹಲ್ಲು ಬಿಟ್ಟಿತ್ತು.

ಆಗ ನನಗೊಂದು ಜಾಣತನ ಹೊಳೆಯಿತು. ಈಗ ನೆನೆಸಿದರೆ ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದರಲ್ಲ, ಅಂಥ ಕ್ಲಿಪ್ಪೊಂದನ್ನು ಮಂಗನಿಗೆ ಜೋಡಿಸಿದೆ. ಶಂಭುವಿನ ನಾಡಿ ಜೋರಾದರೆ ಮಂಗ ತಾನೇ ನಗಬೇಕು. ಬಟನ್ ಒತ್ತುವ ಕಷ್ಟವೇ ಇಲ್ಲ.

ಕ್ಲಿಪ್ ಹಾಕಲು ಅವನ ಬೆರಳು ಹಿಡಿದುಕೊಂಡೆ. ಮಂಗ ತಟ್ಟನೆ ನಕ್ಕಿತು.

"ಇನ್ನೂ ಟೆಸ್ಟಿಂಗ್ ಶುರು ಆಗಿಲ್ಲ," ಅಂದೆ.

"ಮಿಷನ್ ಕೆಟ್ಟಿರಬೇಕ್ರಿ," ಅಂದ.

ಬೆರಳು ಬಿಟ್ಟೆ. ಮಂಗನ ತುಟಿ ಇಳಿಯಿತು. ಮತ್ತೆ ಹಿಡಿದೆ. ಮಂಗ ಕಿವಿಯತನಕ ನಕ್ಕಿತು. ಶಂಭು ಗೋಡೆ ನೋಡುತ್ತ ಕೂತ. ನನಗೆ ಅಂದು ಆದ ಸಂತೋಷವನ್ನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಅಲ್ಲಿಂದ ಎರಡು ತಿಂಗಳು ನಾನು ಹುಚ್ಚಿಯಾಗಿದ್ದೆ. ಸಂಜೆ ಆಟೊ ಹಿಡಿದು ಕಡ್ಡಿರಾಂಪುರಕ್ಕೆ ಹೋಗುತ್ತಿದ್ದೆ, ಬ್ಯಾಟರಿ ಚೆಕ್ ಮಾಡುವ ನೆಪ. ನಾನು ಗೇಟು ದಾಟುತ್ತಿದ್ದಂತೆ ಟೇಬಲ್ ಮೇಲಿನ ಮಂಗ ನಗುತ್ತಿತ್ತು. ಹೊಸ ಸೀರೆ ಉಟ್ಟ ದಿನ ಹುಬ್ಬನ್ನೂ ಹಾರಿಸಿತು. ನಾನು ಅದರ ಮುಖ ನೋಡಿಕೊಂಡೇ ಕೂತು ಹರಟುತ್ತಿದ್ದೆ. ಶಂಭುವಿನ ಮಾತಿಗೆ ಉತ್ತರ ಕೊಡುವಾಗಲೂ ನನ್ನ ಕಣ್ಣು ಮಂಗನ ಮೇಲಿರುತ್ತಿತ್ತು.

ಒಂದು ಭಾನುವಾರ, ಮಧ್ಯಾಹ್ನ. ನಾನು ಟೇಬಲ್ಲಿನ ಈಚೆ ಕೂತು ಹುರಿದ ಶೇಂಗಾ ತಿನ್ನುತ್ತಿದ್ದೆ. ಅವನಿಗೆ ಫೋನ್ ಬಂತು. ಕಿವಿಗಿಟ್ಟುಕೊಂಡು ಕೇಳಿದ. ಹೂಂ ಅಂದ. ಮತ್ತೊಮ್ಮೆ ಹೂಂ ಅಂದ.

ಮಂಗ ನಗಲು ಶುರುಮಾಡಿತು. ಅಷ್ಟು ದೊಡ್ಡದಾಗಿ ಅದು ಯಾವತ್ತೂ ನಕ್ಕಿರಲಿಲ್ಲ. ತುಟಿ ಕಿವಿಗೆ ತಾಗಿತು, ಹುಬ್ಬು ಕುಣಿಯಿತು, ದವಡೆ ಟಕಟಕ ಬಡಿಯಿತು.

"ಏನ್ರಿ ಅಷ್ಟು ಖುಷಿ ಸುದ್ದಿ? ನಮಗೂ ಹೇಳ್ರಿ," ಅಂದೆ. ಬಾಯಲ್ಲಿ ಇನ್ನೂ ಶೇಂಗಾ ಇತ್ತು.

ಅವನು ಫೋನ್ ಕೆಳಗಿಟ್ಟ.

"ಅವ್ವ ಹೋದ್ಳಂತ್ರಿ."

ಮಂಗ ನಗುತ್ತಲೇ ಇತ್ತು. ಅವನು ಬೆರಳಿನ ಕ್ಲಿಪ್ ಕೀಳಲು ನೋಡಿದ, ಕೈ ನಡುಗಿ ಆಗಲಿಲ್ಲ. ನಾನು ಎದ್ದು ಕಿತ್ತೆ. ಅದು ಬಾಯಿ ಮುಚ್ಚುವಷ್ಟರಲ್ಲಿ ಒಳಗಿನಿಂದ ಬಂದ ಇಬ್ಬರು ಟೂರಿಸ್ಟರು ಅದನ್ನು ನೋಡಿ ನಕ್ಕು ಹೋದರು. ನಾಡಿಗೆ ಸುಖ ಯಾವುದು, ದುಃಖ ಯಾವುದು ಗೊತ್ತಿರುವುದಿಲ್ಲ. ಡಿಪ್ಲೊಮಾ ಮಾಡಿದ ನನಗೆ ಇಷ್ಟು ಹೊಳೆಯಲಿಲ್ಲ.

ಮರುದಿನ ಕಂಪ್ಲಿಗೆ ಹೋದೆ. ಪಡಸಾಲೆಯಲ್ಲಿ ಅವನ ಅವ್ವ ಮರುಳಸಿದ್ದಮ್ಮನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರ. ಪಕ್ಕದಲ್ಲಿ ಶಂಭು ಕೂತಿದ್ದ. ಭಜನೆ ನಡೆದಿತ್ತು, ಅವನ ಅಕ್ಕ ಎದೆ ಬಡಿದುಕೊಂಡು ಅಳುತ್ತಿದ್ದಳು. ನಾನು ಬಾಗಿಲ ಹೊರಗೆ ಚಪ್ಪಲಿಗಳ ಹತ್ತಿರ ನಿಂತಿದ್ದೆ.

"ಹೆತ್ತಾಕಿ ಹೋದ್ರೂ ಮುಖ ಒಂದೀಟು ಬಾಡಿಲ್ಲ ನೋಡವಾ," ಅಂದಳು ಒಬ್ಬ ಹೆಂಗಸು.

"ಎಂಥಾ ಕಲ್ಲು ಮನಸ್ಸೇ," ಅಂದಳು ಇನ್ನೊಬ್ಬಳು.

ಅವರ ಮೇಲೆ ಹರಿಹಾಯಬೇಕು ಎನಿಸಿತು. ಯಾವ ಬಾಯಿಂದ? ಅವರಿಗೆ ಅವನ ಕಾಯಿಲೆ ಗೊತ್ತಿರಲಿಲ್ಲ. ನನಗೆ ಎಲ್ಲ ಗೊತ್ತಿತ್ತು. ಅವನ ಕಣ್ಣಿಗೆ ಬೀಳದೆ ಮುಂದಿನ ಬಸ್ ಹತ್ತಿದೆ.

ಹನ್ನೆರಡು ದಿನ ಅವನ ಸುದ್ದಿ ಇರಲಿಲ್ಲ. ಹದಿಮೂರನೇ ದಿನ ಬೆಳಿಗ್ಗೆ ಅಂಗಡಿಗೆ ಬಂದ. ಕೈಯಲ್ಲಿದ್ದ ಚೀಲವನ್ನು ಕೌಂಟರ್ ಮೇಲಿಟ್ಟ. ಒಳಗೆ ಮಂಗನ ತಲೆ.

"ಇದನ್ನ ನೀವ ಇಟ್ಕೋರಿ. ಕೆಲಸ ಬಿಟ್ಟೆ. ನಾಳೆ ಅಕ್ಕನ ಊರಿಗೆ ಹೊಂಟೀನಿ."

"ತಪ್ಪು ನಂದು," ಅಂದೆ. "ನಾಡಿ ನಂಬಿ ಅದನ್ನ ಮಾಡಬಾರದಿತ್ತು."

"ಮಿಷನ್ ತಪ್ಪಲ್ರಿ ಪಲ್ಲವಿ." ಮೊದಲ ಸಲ ಹೆಸರು ಹಿಡಿದು ಕರೆದ. ಒಂದೊಂದು ಮಾತಿಗೂ ಅವನಿಗೆ ಹೊತ್ತು ಹಿಡಿಯುತ್ತಿತ್ತು. "ಅವತ್ತು ಫೋನ್ ಬಂದಾಗ ನಾನು ಪಕ್ಕದಾಗ ಇದ್ದೆ. ನೀವು ಅದರ ಮುಖ ನೋಡಿದ್ರಿ. ಎರಡು ತಿಂಗಳಾತು, ನೀವು ನನ್ನ ಕಡೆ ನೋಡೋದ ಬಿಟ್ಟೀರಿ."

ಅವನು ಹೇಳಿದ್ದು ನಿಜವಾಗಿತ್ತು.

"ಮೊದಲು ನೀವು ನನ್ನ ಬೈದಿದ್ರಲ್ಲ, ಅವತ್ತು ನನ್ನ ಮುಖಾನ ನೋಡಿ ಬೈದಿದ್ರಿ. ಅದಾ ಚಲೋ ಇತ್ತು," ಅಂದ. ಆಮೇಲೆ ಸ್ಟೂಲಿನ ಮೇಲೆ ಕೂತು ನನ್ನ ಕಡೆ ತಿರುಗಿದ. "ಈಗ ನೋಡ್ರಿ. ಏನು ಕಾಣಸ್ತೈತಿ ಹೇಳ್ರಿ."

ನೋಡಿದೆ. ಚಿಕ್ಕ ಹಣೆ, ಎಡ ಹುಬ್ಬಿನ ಮೇಲೆ ಕುಲುಮೆಯ ಕಿಡಿ ಹಾರಿ ಸುಟ್ಟ ಕಲೆ, ಬೋಳಿಸದ ಗಡ್ಡ. ಕಣ್ಣಂಚು ಕೆಂಪಾಗಿತ್ತು. ಅಳುವಿನಿಂದಲೋ ಬಸ್ಸಿನ ಧೂಳಿನಿಂದಲೋ ತಿಳಿಯಲಿಲ್ಲ. ಪ್ರೀತಿ ಕಾಣಿಸುತ್ತದೆ ಎಂದು ಹೇಳಿದ್ದರೆ ಎಷ್ಟು ಚೆಂದವಿರುತ್ತಿತ್ತು. ಇನ್ನೊಂದು ಸುಳ್ಳು ನಗುವನ್ನು ಅವನಿಗೆ ಅಂಟಿಸಲು ನನಗೆ ಮನಸ್ಸಾಗಲಿಲ್ಲ.

"ಏನೂ ಕಾಣಸ್ತಿಲ್ರಿ," ಅಂದೆ. ನನಗೇ ಅಳು ಬಂತು.

"ಹೂಂ," ಅಂದ. "ಅವ್ವಗ ಕಾಣತಿತ್ತು."

"ಅವ್ವಗ ಮೂವತ್ನಾಕು ವರ್ಷದ ರೂಢಿ ಇತ್ತು. ನನಗೆಷ್ಟು ಟೈಮ್ ಕೊಟ್ಟೀರಿ ನೀವು?"

ಅವನು ಟೇಬಲ್ ಹಿಡಿದುಕೊಂಡು ಏಳಲು ನೋಡಿದ.

"ಟೈಮ್ ನನ್ನ ಹತ್ರ ಇಲ್ರಿ. ಇನ್ನೊಂದೆರಡು ವರ್ಷದಾಗ ನಡಿಯಾಕ ಆಗಲಿಕ್ಕಿಲ್ಲ, ಮಾತೂ ಹೋಗಬಹುದು ಅಂದಾರ ಡಾಕ್ಟರು. ನಿಮಗ್ಯಾಕ ಬೇಕು ಇದು."

"ಕುಂದ್ರಿ ಮೊದಲು!" ಎಂದು ಗದರಿದೆ. ಎದುರಿನ ಚಹಾ ಅಂಗಡಿಯವನು ತಿರುಗಿ ನೋಡಿದ. "ಕಾಣಸ್ತಿಲ್ಲ ಅಂದೆ. ಬ್ಯಾಡ ಅಂದೆನೇನು? ನೀವು ಬ್ಯಾಡ ಅಂತ ನಾ ಯಾವತ್ತು ಅಂದೀನಿ? ಕಾಣಸದಿದ್ರ ಕೇಳ್ತೀನಿ. ಹೇಳ್ರಿ, ಈಗ ಒಳಗ ಏನೈತಿ?"

ಅವನು ಮತ್ತೆ ಕೂತ. ಒಬ್ಬ ಗಿರಾಕಿ ಬಂದು ಚಾರ್ಜರ್ ಕೇಳಿದ, ಇಲ್ಲ ಎಂದು ಕಳಿಸಿದೆ.

"ಹೆದರಿಕೆ ಐತಿ," ಅಂದ.

"ಮತ್ತ?"

"ಅವ್ವ ಇಲ್ಲ ಅನ್ನೋದು ಐತಿ."

"ಮತ್ತ?"

ಮಾತು ಹೊರಗೆ ಬರಲು ತಡವಾಯಿತು. ನಾನು ಕಾದೆ.

"ನೀವು ಅದೀರಿ."

ನಡುಗುತ್ತಿದ್ದ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅದು ನಿಲ್ಲಲಿಲ್ಲ, ನನ್ನ ಕೈಯೊಳಗೆ ನಡುಗುತ್ತಲೇ ಇತ್ತು.

"ಮಾತು ಹೋದ ಮ್ಯಾಲೆ ಯಾರನ್ನ ಕೇಳ್ತೀರಿ?" ಅಂದ.

"ಅಷ್ಟೊತ್ತಿಗೆ ನನಗೂ ರೂಢಿ ಆಗಿರ್ತೈತಿ," ಅಂದೆ.

ಅವನ ಮುಖ ಕದಲಲಿಲ್ಲ. ನಾನು ನೋಡುತ್ತಾ ಕೂತೆ.