ಆರು ತಿಂಗಳ ಬೀಗ

೧೯೯೪ರಲ್ಲಿ ಕಿಕ್ಕೇರಿಯ ಹತ್ತಿರದ ಹಳ್ಳಿಯಲ್ಲಿ ಸರ್ಕಾರಿ ಗೃಹಸಾಲ ಪಡೆದು ಒಂದು ನಾಡಹೆಂಚಿನ ಮನೆ ಕೊಳ್ಳಲು ಹೊರಟಿದ್ದೆ. ಮಾರುವವನು ಗೆಳೆಯ ಕರಿಯಯ್ಯ. ಅವನ ತಾಯಿ ಕೆಟ್ಟ ನಕ್ಷತ್ರದಲ್ಲಿ ಆ ಮನೆಯೊಳಗೇ ತೀರಿಕೊಂಡಿದ್ದರಿಂದ, ಪದ್ಧತಿಯಂತೆ ಆರು ತಿಂಗಳು ಬಾಗಿಲು ತೆಗೆಯುವಂತಿರಲಿಲ್ಲ. ಗಡುವು ಮುಗಿಯುವ ಮೊದಲೇ ಸಾಲದ ಅಧಿಕಾರಿ ಮನೆ ಅಳೆಯಲು ಬಂದುಬಿಟ್ಟರು.

"ಇನ್ನೂ ಅತ್ತೊಂಬತ್ತು ದಿನ ಅದೆ ಕಣ್ಲಾ, ಬೀಗ ಮುಟ್ಬ್ಯಾಡ," ಎಂದ ಕರಿಯಯ್ಯ.

"ಇವತ್ತು ಬುಟ್ರೆ ಸಾಲ ಕೈತಪ್ಪಿ ಓಯ್ತದೆ, ಕೊಡ್ಲಾ ಇಲ್ಲಿ," ಎಂದು ಬೀಗದಕೈ ಕಿತ್ತುಕೊಂಡೆ.

ಆಗ ಮಟಮಟ ಮಧ್ಯಾಹ್ನ. ಒಳಗೆ ಮಾತ್ರ ಬಾವಿಯೊಳಗೆ ಇಳಿದಷ್ಟು ತಣ್ಣಗಿತ್ತು. ಹೊಸಿಲು ಆಗತಾನೆ ಸಾರಿಸಿದ ಹಾಗೆ ಕಾಲಿಗೆ ಅಂಟಿತು. ಒಲೆಯ ಬೂದಿ ಮುಟ್ಟಿದೆ, ಬಿಸಿಯಿತ್ತು. ನಾನು ಕೈ ಕೊಡವಿಕೊಂಡು ಹೊರಗೆ ಬಂದೆ. ಕರಿಯಯ್ಯ ಬೀದಿಯಿಂದ ಅಲುಗಲಿಲ್ಲ.

ಟೇಪು ಹಿಡಿದು ಹಿತ್ತಲ ಕೋಣೆಗೆ ಹೋಗಿದ್ದ ಅಧಿಕಾರಿ ಬಹಳ ಹೊತ್ತಿನ ಮೇಲೆ ಬಾಯಿ ಒರೆಸಿಕೊಳ್ಳುತ್ತ ಬಂದರು.

"ಮಜ್ಜಿಗೆ ಚೆನ್ನಾಗಿತ್ತು," ಎಂದವರೇ ಜೀಪು ಹತ್ತಿದರು.

ಸಾಲ ಮಂಜೂರಾಗಲಿಲ್ಲ. ಎಂಟು ದಿನಕ್ಕೆ ಅರ್ಜಿ ವಾಪಸು ಬಂತು. ಕಾರಣದ ಜಾಗದಲ್ಲಿ ಅವರು ಕೈಯಾರೆ ಬರೆದಿದ್ದರು: "ಮನೆಯಲ್ಲಿ ವಾಸವಿರುವ ವೃದ್ಧೆ ಬಿಟ್ಟುಕೊಡಲು ಒಪ್ಪುತ್ತಿಲ್ಲ."